ಕಾರಣ ಬರೆಯದ ರಜೆ

ಜುಲೈ ತಿಂಗಳ ಮೂರನೆಯ ಮಂಗಳವಾರ ಬೆಳಿಗ್ಗೆ, ಬೇರೆ ಯಾರೂ ಇನ್ನೂ ಏಪ್ರನ್ ಕಟ್ಟಿಕೊಂಡಿರದ ಹೊತ್ತಿನಲ್ಲಿ, ಲೊಂಬೆ ಕಲಾಬ ಎಂಬ ಹೆಂಗಸು ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ಆಗಸ್ಟ್ ಎರಡರ ಚೌಕದಲ್ಲಿ ತನ್ನ ಹೆಸರು ಬರೆದಳು. ಎಲ್ಲರೂ ಬರೆಯುವ ಪೆನ್ಸಿಲಿನಲ್ಲಲ್ಲ. ಬಟ್ಟೆಗಂಟುಗಳ ಮೇಲೆ ವಾರ್ಡಿನ ನಂಬರು ಹಾಕುವ ಕಪ್ಪು ಮಾರ್ಕರಿನಲ್ಲಿ. ಆ ಶಾಯಿ ಕುದಿಯುವ ನೀರಿಗೂ ಬಿಡುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಜಾಂಬಿಯಾದ ಕಿಟ್ವೆ ಪಟ್ಟಣದ ಒಂದು ಆಸ್ಪತ್ರೆಯ ಲಾಂಡ್ರಿ ಅದು. ಐದು ಜನ ಹೆಂಗಸರು, ಬಾಯ್ಲರ್ ನೋಡಿಕೊಳ್ಳಲು ಒಬ್ಬ ಗಂಡಸು, ಎಲ್ಲರ ಮೇಲೆ ಮಿಸೆಸ್ ಸಿಂಫುಕ್ವೆ ಎಂಬ ಮೇಲ್ವಿಚಾರಕಿ. ಲೊಂಬೆಗೆ ನಲವತ್ತೆಂಟು ವರ್ಷ. ಅದರಲ್ಲಿ ಹತ್ತೊಂಬತ್ತು ಇಲ್ಲಿಯೇ ಕಳೆದಿವೆ. ಎರಡು ಬಿಸಿ ಉರುಳೆಗಳ ನಡುವೆ ಒದ್ದೆ ಬೆಡ್‌ಶೀಟ್ ತೂರಿಸಿ ಇಸ್ತ್ರಿ ಮಾಡುವ ದೊಡ್ಡ ಯಂತ್ರ ಅವಳ ಪಾಲಿನದು. ಬೇರೆಯವರು ನಿಂತರೆ ಅದು ಗಂಟೆಗೆರಡು ಸಲ ಬಟ್ಟೆ ಕಚ್ಚಿಕೊಂಡು ನಿಲ್ಲುತ್ತದೆ. ಅವಳು ನಿಂತರೆ ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುವವರೆಗೆ ಒಂದೇ ಸಮನೆ ಓಡುತ್ತದೆ.

ಆ ಊರಿನಲ್ಲಿ ಮಕ್ಕಳಾದವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮೊದಲ ಮಗುವಿನ ಹೆಸರಿಗೆ ಮೊದಲು ಬಾನಾ ಎಂದು ಸೇರಿಸಿದರೆ ತಾಯಿ, ಬಾಶಿ ಎಂದರೆ ತಂದೆ. ಮಡಚುವ ಮೇಜಿನ ಹತ್ತಿರ ನಿಲ್ಲುವವಳು ಬಾನಾ ಮಪಾಲೊ. ಬಾಯ್ಲರಿನವನು ಬಾಶಿ ಚಿಸೊಮೊ. ಲೊಂಬೆಗೆ ಏಳು ವರ್ಷ ಗಂಡನಿದ್ದ, ಮಕ್ಕಳಾಗಲಿಲ್ಲ. ಎಂಟನೆಯ ವರ್ಷ ಗಂಡನ ಮನೆಯವರು ಅವಳನ್ನು ಪೆಟ್ಟಿಗೆಯ ಸಮೇತ ತವರಿಗೆ ತಂದು ಬಿಟ್ಟುಹೋದರು. ಹಾಗಾಗಿ ಅವಳು ಲೊಂಬೆಯಾಗಿಯೇ ಉಳಿದಳು. ಕಿರಿಯರಿಗೆ ಆಂಟಿ ಲೊಂಬೆ.

ಜಾಂಬಿಯಾದಲ್ಲಿ ಸಂಬಳಕ್ಕೆ ದುಡಿಯುವ ಪ್ರತಿ ಹೆಂಗಸಿಗೂ ತಿಂಗಳಿಗೊಂದು ದಿನ ಬಿಡುವುಂಟು. ಡಾಕ್ಟರ ಚೀಟಿ ಬೇಡ, ಕಾರಣ ಹೇಳುವುದೂ ಬೇಡ. ಎಲ್ಲರೂ ಅದನ್ನು ತಾಯಂದಿರ ದಿನ ಎನ್ನುತ್ತಾರೆ; ಆದರೆ ಮಕ್ಕಳಿದ್ದವರಿಗೆ ಮಾತ್ರ ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ. ಕಾನೂನಿನಲ್ಲಿ ಇಲ್ಲದ್ದು ಲಾಂಡ್ರಿಯಲ್ಲಿತ್ತು. ದಿನಕ್ಕೆ ಒಬ್ಬರೇ ಹೋಗಬೇಕು ಎಂಬುದು ಮಿಸೆಸ್ ಸಿಂಫುಕ್ವೆ ಮಾಡಿದ ನಿಯಮ. ಇಬ್ಬರು ಒಂದೇ ದಿನ ಕೇಳಿದರೆ ಮಕ್ಕಳಿರುವವಳಿಗೆ ಎಂಬುದು ಯಾರೂ ಮಾಡದೆ ತಾನಾಗಿಯೇ ಆದ ನಿಯಮ. ಪೆನ್ಸಿಲಿನಲ್ಲಿ ಬರೆದ ಲೊಂಬೆಯ ಹೆಸರನ್ನು ರಬ್ಬರಿನಿಂದ ಒರೆಸಿ ಅಲ್ಲಿ ಇನ್ನೊಂದು ಹೆಸರು ಬರೆಯಲು ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಆಮೇಲೆ ಹೇಳುತ್ತಿದ್ದರು, ಅಷ್ಟೆ.

ಮೊದಮೊದಲು ಲೊಂಬೆ ಕಾರಣ ಹೇಳಿ ನೋಡಿದಳು. ಹಲ್ಲು ಕೀಳಿಸಬೇಕು ಎಂದಳು. ಅದೇ ದಿನ ಯಾರದೋ ಮಗುವಿಗೆ ಚುಚ್ಚುಮದ್ದಿತ್ತು, ಹಲ್ಲು ಹನ್ನೆರಡು ದಿನ ಕಾಯಿತು. ಚರ್ಚಿನ ಹಾಡಿನ ತಂಡದ ಜೊತೆ ಬೇರೆ ಊರಿಗೆ ಹೋಗಬೇಕು ಎಂದಳು, ಎಲ್ಲರೂ ನಕ್ಕರು. ಅಕ್ಕನ ಮಗಳು ಥೆಲ್ಮಾಳನ್ನು ಏಳನೆಯ ವಯಸ್ಸಿನಿಂದ ಮದುವೆಯವರೆಗೆ ಸಾಕಿದವಳು ಲೊಂಬೆ. ಆ ಹುಡುಗಿಯ ಶಾಲೆಯಲ್ಲಿ ಅಂಕಪಟ್ಟಿ ಕೊಡುವ ದಿನ ಒಮ್ಮೆ ರಜೆ ಕೇಳಿದಾಗ ಆಗಿದ್ದ ಮೇಲ್ವಿಚಾರಕಿ, "ಅವಳ ತಾಯಿ ಬದುಕಿದಾಳಲ್ಲ, ಊರಲ್ಲಿ?" ಎಂದು ಕೇಳಿದ್ದಳು. ಮನೆಯೊಳಗಿನ ರೂಢಿಯಲ್ಲಿ ಚಿಕ್ಕಮ್ಮನೂ ತಾಯಿಯೇ. ಕ್ಯಾಲೆಂಡರಿನ ಮುಂದೆ ಮಾತ್ರ ಅಲ್ಲ.

ಇದರಿಂದ ಅವಳು ಒಂದು ಪಾಠ ಕಲಿತಳು. ಕಾರಣ ಹೇಳಿದ ಕೂಡಲೇ ಅದು ತಕ್ಕಡಿಗೆ ಹೋಗುತ್ತದೆ. ಇನ್ನೊಂದು ತಟ್ಟೆಯಲ್ಲಿ ಸದಾ ಒಂದು ಮಗು ಕೂತಿರುತ್ತದೆ. ಯಾವ ಹಲ್ಲು, ಯಾವ ಹಾಡು ಅದಕ್ಕಿಂತ ಹೆಚ್ಚು ತೂಗೀತು?

ಆಗಸ್ಟ್ ಎರಡರಂದು ಅವಳಿಗೆ ಡ್ರೈವಿಂಗ್ ಪರೀಕ್ಷೆಯಿತ್ತು. ಆಸ್ಪತ್ರೆಯಿಂದ ಸುತ್ತಲಿನ ಕ್ಲಿನಿಕ್ಕುಗಳಿಗೆ ಒಗೆದ ಬಟ್ಟೆ ಒಯ್ಯುವ ವ್ಯಾನಿನ ಚಾಲಕ ಡಿಸೆಂಬರಿನಲ್ಲಿ ನಿವೃತ್ತನಾಗುವವನಿದ್ದ. ಆ ಜಾಗಕ್ಕೆ ಅರ್ಜಿ ಹಾಕಬೇಕೆಂದು ಲೊಂಬೆ ಒಂದೂವರೆ ವರ್ಷದಿಂದ ಭಾನುವಾರ ಚರ್ಚು ಮುಗಿಸಿ ಕಾರು ಕಲಿಯುತ್ತಿದ್ದಳು. ಹಬೆಯಲ್ಲಿ ಬೇಯುವುದು ಸಾಕಾಗಿತ್ತು. ಗಾಳಿಯಿರುವ ಕಡೆ, ಕೂತು ಮಾಡುವ ಕೆಲಸ ಬೇಕಿತ್ತು. ಈ ಮೊದಲು ಎರಡು ಸಲ ಪರೀಕ್ಷೆಯ ದಿನ ನಿಗದಿಯಾಗಿತ್ತು. ಒಮ್ಮೆ ಯಾರದೋ ಮಗುವಿಗೆ ಮಲೇರಿಯಾ, ಇನ್ನೊಮ್ಮೆ ಯಾರದೋ ಮಗಳ ಶಾಲೆ ಸೇರಿಸುವ ದಿನ. ಎರಡು ಸಲವೂ ಅವಳು ಉರುಳೆಯ ಮುಂದೆ ನಿಂತಿದ್ದಳು. ಕಲಿಯುವವರಿಗೆ ಕೊಡುವ ಪರವಾನಗಿ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತಿತ್ತು. ಈ ವಿಷಯ ಥೆಲ್ಮಾ ಒಬ್ಬಳಿಗೆ ಗೊತ್ತು. ಲಾಂಡ್ರಿಯಲ್ಲಿ ಯಾರಿಗೂ ಹೇಳುವುದಿಲ್ಲ ಎಂದು ಲೊಂಬೆ ತೀರ್ಮಾನಿಸಿದ್ದಳು.

ಎಂಟು ಗಂಟೆಗೆ ಬಾನಾ ಮಪಾಲೊ ಪೆನ್ಸಿಲು ಹಿಡಿದು ಗೋಡೆಯ ಹತ್ತಿರ ಹೋದಳು. ಹಾಳೆ ಎತ್ತಿ ಆಗಸ್ಟ್ ಎರಡರ ಚೌಕ ನೋಡಿದಳು.

"ಆಂಟಿ ಲೊಂಬೆ, ಇದ್ಯಾರು ಬರ್ದಿದ್ದು?"

"ಓದೋಕೆ ಬರುತ್ತಲ್ಲ ನಿಂಗೆ."

"ಎರಡನೇ ತಾರೀಕು ಶಾಲೇಲಿ ಅಂಕಪಟ್ಟಿ ಕೊಡ್ತಾರೆ. ನನ್ನ ಮೂರು ಮಕ್ಕಳದ್ದೂ ಅವತ್ತೇ."

"ಗೊತ್ತು."

"ಗೊತ್ತಿದ್ದೂ ಬರ್ದ್ರಾ?"

"ಗೊತ್ತಿದ್ದೇ ಬರ್ದೆ."

ಬಾನಾ ಮಪಾಲೊ ಬೆರಳಿನಿಂದ ಶಾಯಿಯನ್ನು ಉಜ್ಜಿ ನೋಡಿದಳು. "ನೀವೂ ಇಲ್ದಿದ್ರೆ ಮಿಷನ್ ಹತ್ರ ಯಾರು ನಿಲ್ತಾರೆ? ನಾನು ಇಡೀ ದಿನ ಹೋಗೋದು, ಇವ್ರೆಲ್ಲ ಎರಡೆರಡು ಗಂಟೆ ಹೋಗ್ಬರೋದು ಅಂತ ಆಗ್ಲೇ ಮಾತಾಡ್ಕೊಂಡಿದೀವಿ."

"ನನ್ನ ಹತ್ರ ಯಾರೂ ಮಾತಾಡ್ಲಿಲ್ಲ."

"ನಿಮ್ಮ ಹತ್ರ ಏನು ಮಾತಾಡೋದು ಆಂಟಿ? ನೀವು ಇದ್ದೇ ಇರ್ತೀರಲ್ಲ."

ಅದನ್ನು ಅವಳು ವ್ಯಂಗ್ಯವಾಗಿ ಹೇಳಿರಲಿಲ್ಲ. ಬಾಯ್ಲರ್ ಇರುತ್ತದೆ, ನಲ್ಲಿ ಇರುತ್ತದೆ, ಆಂಟಿ ಲೊಂಬೆ ಇರುತ್ತಾಳೆ. ಅವಳ ಹಿರಿಯ ಮಗ ಮಪಾಲೊ ಆ ವರ್ಷ ಗಣಿತದಲ್ಲಿ ಎರಡು ಸಲ ನಪಾಸಾಗಿದ್ದ. ಮೇಷ್ಟ್ರು ಖುದ್ದಾಗಿ ಬರಲು ಹೇಳಿಕಳಿಸಿದ್ದರು. ಅವಳ ದಿಗಿಲು ಸುಳ್ಳಲ್ಲ ಎಂಬುದು ಲೊಂಬೆಗೂ ಗೊತ್ತಿತ್ತು. ಆದರೂ ಅವಳು ಯಂತ್ರದ ಗುಂಡಿ ಒತ್ತಿ ಮೊದಲ ಬೆಡ್‌ಶೀಟ್ ಹಿಡಿದಳು.

ಸೋಪಿನ ಡ್ರಮ್ಮಿನ ಪಕ್ಕದಿಂದ ಇನ್ನೊಬ್ಬಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಹೆತ್ತಿದ್ರೆ ತಾನೇ ಕಷ್ಟ ಗೊತ್ತಾಗೋದು."

"ಗೊತ್ತಿಲ್ದೇನೇ ಹತ್ತೊಂಬತ್ತು ವರ್ಷ ನಿಮ್ಮ ಕಷ್ಟ ಹೊತ್ತಿದೀನಿ," ಎಂದಳು ಲೊಂಬೆ, ತಿರುಗದೆ. "ಗೊತ್ತಾಗಿದ್ದಿದ್ರೆ ಇನ್ನೆಷ್ಟು ಹೊರಿಸ್ತಿದ್ರೋ."

ಊಟದ ಹೊತ್ತಿಗೆ ಮಿಸೆಸ್ ಸಿಂಫುಕ್ವೆ ಕರೆಸಿದಳು. ನಾಲ್ಕು ಮಕ್ಕಳ ತಾಯಿ, ಗಟ್ಟಿ ಹೆಂಗಸು, ಕೆಟ್ಟವಳಲ್ಲ. ಅವಳಿಗೆ ಬೇಕಿದ್ದುದು ಕೆಲಸ ನಿಲ್ಲಬಾರದು, ಜಗಳ ತನ್ನ ಬಾಗಿಲಿಗೆ ಬರಬಾರದು, ಎರಡೇ.

"ಐದನೇ ತಾರೀಕು ಸೋಮವಾರ ರೈತರ ದಿನದ ರಜ. ಎರಡನೇ ತಾರೀಕು ಶುಕ್ರವಾರ ಸೇರಿಸ್ಕೊಂಡ್ರೆ ನಾಲ್ಕು ದಿನ ಆಯ್ತು. ಊರಿಗೆ ಹೊರಟಿದೀಯಾ?"

"ಇಲ್ಲ ಮೇಡಂ."

"ಯಾರಾದ್ರೂ ತೀರ್ಕೊಂಡ್ರಾ?"

"ಇಲ್ಲ."

"ಮೈ ಹುಷಾರಿಲ್ವಾ?"

"ಚೆನ್ನಾಗಿದೀನಿ."

"ಮತ್ತೇನು ಅಂಥಾ ಕೆಲಸ?"

"ನನ್ನ ದಿನ ಮೇಡಂ. ತಗೋತಿದೀನಿ."

"ಲೊಂಬೆ, ಕಾರಣ ಹೇಳಿದ್ರೆ ನಾನೇ ಏನಾದ್ರೂ ದಾರಿ ಮಾಡ್ಕೊಡ್ತೀನಿ."

"ಕಾರಣ ಹೇಳಿದಾಗೆಲ್ಲ ದಾರಿ ಮುಚ್ಚಿದೆ ಮೇಡಂ. ಈ ಸಲ ಹೇಳ್ದೆ ನೋಡ್ತೀನಿ."

ಮಿಸೆಸ್ ಸಿಂಫುಕ್ವೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಶುಕ್ರವಾರ ಬರದಿದ್ದರೆ ಗೈರುಹಾಜರಿ ಎಂದು ಬರೆಯುತ್ತೇನೆ, ಆಮೇಲೆ ನನ್ನನ್ನು ದೂರಬೇಡ ಎಂದಳು. ಗೈರುಹಾಜರಿಗೆ ಎಚ್ಚರಿಕೆ ಪತ್ರ. ಎಚ್ಚರಿಕೆ ಪತ್ರ ಬಿದ್ದವರು ಒಂದು ವರ್ಷ ಆಸ್ಪತ್ರೆಯ ಬೇರೆ ಯಾವ ಹುದ್ದೆಗೂ ಅರ್ಜಿ ಹಾಕುವಂತಿಲ್ಲ. ಲೊಂಬೆಗೆ ಆ ನಿಯಮ ಗೊತ್ತಿತ್ತು. ರಜೆ ತೆಗೆದುಕೊಂಡರೆ ವ್ಯಾನು ಹೋಗಬಹುದು, ತೆಗೆದುಕೊಳ್ಳದಿದ್ದರೆ ಖಂಡಿತ ಹೋಗುತ್ತದೆ.

ಮರುದಿನ ಅವಳು ಕಾರ್ಮಿಕ ಸಂಘದವನ ಹತ್ತಿರ ಹೋಗಿ ಆ ತಿಂಗಳ ರಜೆಯ ಕಾನೂನಿರುವ ಪುಟದ ಜೆರಾಕ್ಸ್ ಕೇಳಿದಳು. ಅವನು ಒಂದು ಪುಟದ ಬದಲು ಆರು ಪುಟ ಕೊಟ್ಟ. ತನ್ನ ಮನೆಯಿರುವ ಚಿಮ್‌ವೆಮ್‌ವೆ ಬಡಾವಣೆಗೆ ಹೋಗುವ ಮಿನಿಬಸ್ಸಿನಲ್ಲಿ ಕೂತು ಅವಳು ಆರನ್ನೂ ಓದಿದಳು. ಎರಡು ಸಲ ಓದಿದಳು.

ಶುಕ್ರವಾರ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆಯ ಮೈದಾನದಲ್ಲಿ ಅವಳ ಸರದಿ. ರಸ್ತೆಯ ಮೇಲೆ ಚೆನ್ನಾಗಿಯೇ ಓಡಿಸಿದಳು. ವೃತ್ತದಲ್ಲಿ ಬೇರೆ ಗಾಡಿಗಳಿಗೆ ದಾರಿ ಬಿಟ್ಟಳು, ಇದ್ದಿಲ ಮೂಟೆ ಹೊತ್ತ ಸೈಕಲ್ಲುಗಳನ್ನು ದೂರವಿಟ್ಟು ದಾಟಿದಳು. ಕೊನೆಗೆ ನಾಲ್ಕು ಖಾಲಿ ಡ್ರಮ್ಮುಗಳ ನಡುವೆ ಕಾರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಬೇಕಿತ್ತು. ಎಡಗಡೆಯ ಹಿಂದಿನ ಡ್ರಮ್ಮು ತಾಗಿತು. ಬೀಳಲಿಲ್ಲ, ಅಲ್ಲಾಡಿತು.

"ಅಮ್ಮಾ, ಮುಂದಕ್ಕೆ ಹೋಗೋದ್ರಲ್ಲಿ ನಿಮ್ಗೆ ತೊಂದ್ರೆ ಇಲ್ಲ," ಎಂದ ಪರೀಕ್ಷಕ, ಕಾಗದದಲ್ಲಿ ಗುರುತು ಹಾಕುತ್ತ. "ಹಿಂದಕ್ಕೆ ಬರೋದೊಂದು ಅಭ್ಯಾಸ ಮಾಡಿ. ಸೆಪ್ಟೆಂಬರ್ ಹನ್ನೊಂದಕ್ಕೆ ಬನ್ನಿ."

ಹೊರಗೆ ಬಂದಾಗ ಹತ್ತೂವರೆ. ಆಸ್ಪತ್ರೆ ಅಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಮಿನಿಬಸ್ಸಿನ ಕಂಡಕ್ಟರ್ ಅದೇ ಕಡೆಗೆ ಕೂಗುತ್ತಿದ್ದ. ಅವಳ ಕಾಲು ತಾನಾಗಿ ಆ ಕಡೆಗೆ ನಾಲ್ಕು ಹೆಜ್ಜೆ ಹಾಕಿತು. ಈಗ ಹೋದರೆ ಉಳಿದವರು ಶಾಲೆಗೆ ಹೋಗಿಬರಬಹುದು, ಗೈರುಹಾಜರಿಯೂ ಅರ್ಧ ದಿನದ್ದಾಗುತ್ತದೆ, ಯಾರೂ ಮುಖ ಗಂಟಿಕ್ಕುವುದಿಲ್ಲ. ನಪಾಸಾದವಳು ಇನ್ನು ಏನು ಮಾಡಬೇಕು? ಅವಳು ನಿಂತಳು. ಪಾಸಾದರೆ ಮಾತ್ರ ರಜೆ ತನ್ನದು ಎಂದು ಯಾವ ಪುಟದಲ್ಲೂ ಬರೆದಿರಲಿಲ್ಲ. ಹುರಿದ ಕಡಲೆಕಾಯಿ ಒಂದು ಪೊಟ್ಟಣ ಕೊಂಡು, ಜಕರಂಡ ಮರದ ಕೆಳಗಿನ ಕಟ್ಟೆಯ ಮೇಲೆ ಕೂತು, ಬೇರೆಯವರು ಡ್ರಮ್ಮುಗಳ ನಡುವೆ ಹಿಂದಕ್ಕೆ ಬರುವುದನ್ನು ಮಧ್ಯಾಹ್ನದವರೆಗೂ ನೋಡಿದಳು. ಎಂಟು ಜನರಲ್ಲಿ ಐದು ಜನ ತಾಗಿಸಿದರು. ಆಮೇಲೆ ಮನೆಗೆ ಹೋಗಿ ನಿದ್ದೆ ಮಾಡಿದಳು.

ಮಂಗಳವಾರ ಕೆಲಸಕ್ಕೆ ಬಂದಾಗ ಹೆಂಗಸರು ಯಾರೂ ಅವಳನ್ನು ಮಾತಾಡಿಸಲಿಲ್ಲ. ಆ ಊರಿನಲ್ಲಿ ಬೆಳಗಿನ ಹೊತ್ತು ಎದುರಾದವರನ್ನು ಹೇಗಿದ್ದೀರಿ ಎಂದು ಕೇಳದಿರುವುದು ಬೈಗುಳಕ್ಕಿಂತ ದೊಡ್ಡದು. ಶುಕ್ರವಾರ ಏನಾಯಿತೆಂದು ಬಾಯ್ಲರಿನ ಬಾಶಿ ಚಿಸೊಮೊ ಹೇಳಿದ. ಬಾನಾ ಮಪಾಲೊ ಯಾರನ್ನೂ ಕೇಳದೆ ಶಾಲೆಗೆ ಹೋಗಿದ್ದಳು. ಉಳಿದವರಿಗೆ ಹೋಗಲು ಆಗಲಿಲ್ಲ. ಮಿಸೆಸ್ ಸಿಂಫುಕ್ವೆ ಆಫೀಸಿನ ಬೂಟು ಹಾಕಿಕೊಂಡೇ ಉರುಳೆಯ ಮುಂದೆ ನಿಂತಿದ್ದಳು.

"ಎಷ್ಟು ಸಲ ಕಚ್ಚಿಕೊಳ್ತು?"

"ಎಂಟು. ಎಂಟನೇದಕ್ಕೆ ಅವ್ರು ಬೈದಿದ್ದು ನಮ್ಮ ಪಾದ್ರಿ ಕೇಳಿದ್ರೆ ಚರ್ಚಿಂದ ಹೊರಗೆ ಹಾಕ್ತಿದ್ರು."

ಲೊಂಬೆ ನಕ್ಕಳು. ಬಾಶಿ ಚಿಸೊಮೊ ನಗಲಿಲ್ಲ. ಅವನ ಹೆಂಡತಿ ತೀರಿಕೊಂಡು ಮೂರು ವರ್ಷ. "ನನ್ನ ಮಗಳ ಅಂಕಪಟ್ಟಿ ಪಕ್ಕದ ಮನೆಯೋರು ತಂದ್ಕೊಡ್ತಾರೆ," ಎಂದ. "ನೀವು ಹೆಂಗಸ್ರು ಒಂದು ದಿನಕ್ಕೆ ಕಿತ್ತಾಡ್ತೀರಿ. ನಂಗೆ ಕಿತ್ತಾಡೋಕೂ ಒಂದು ದಿನ ಇಲ್ಲ."

"ಇದೆ," ಎಂದಳು ಲೊಂಬೆ. "ಇರು, ಹೇಳ್ತೀನಿ."

ಹತ್ತು ಗಂಟೆಗೆ ಕಾರಣ ಕೇಳುವ ನೋಟೀಸು ಬಂತು. ನಲವತ್ತೆಂಟು ಗಂಟೆಯೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು. ಲೊಂಬೆ ಅಷ್ಟು ಕಾಯಲಿಲ್ಲ. ಏಪ್ರನ್ ಬಿಚ್ಚಿ, ಆರು ಪುಟ ತೆಗೆದುಕೊಂಡು, ಸಿಬ್ಬಂದಿ ವಿಭಾಗದ ಮಿಸ್ಟರ್ ಲುಬಿಂಡನ ಕೋಣೆಗೆ ಹೋದಳು. ಅವನಿಗೆ ಮೂವತ್ತು ದಾಟಿರಲಿಲ್ಲ, ಥೆಲ್ಮಾಳ ವಯಸ್ಸಿನವನು.

"ಕೂತ್ಕೊಳ್ಳಿ ಆಂಟಿ. ದೊಡ್ಡ ವಿಷಯ ಅಲ್ಲ ಇದು. ಮೈ ಹುಷಾರಿರಲಿಲ್ಲ ಅಂತ ಒಂದು ಸಾಲು ಬರೀರಿ, ಫೈಲು ಇಲ್ಲೇ ಮುಚ್ತೀನಿ."

"ಹುಷಾರಾಗಿದ್ದೆ."

"ನಿಮಗೂ ಗೊತ್ತು, ನನಗೂ ಗೊತ್ತು. ಕಾಗದಕ್ಕೆ ಗೊತ್ತಿಲ್ಲ."

ಅವನು ಪೆನ್ನನ್ನು ಅವಳ ಕಡೆಗೆ ತಳ್ಳಿದ. ಒಂದು ಸಾಲು. ಅದನ್ನು ಬರೆದರೆ ಎಚ್ಚರಿಕೆ ಪತ್ರವಿಲ್ಲ, ಡಿಸೆಂಬರಿನಲ್ಲಿ ಅರ್ಜಿ ಹಾಕಬಹುದು. ಅವಳು ಪೆನ್ನು ಎತ್ತಿಕೊಂಡಳು. ಮಿಸ್ಟರ್ ಲುಬಿಂಡ ಆಗಲೇ ಫೈಲಿನ ದಾರ ಕಟ್ಟಲು ಕೈ ಹಾಕಿದ್ದ.

"ಇವತ್ತು ಹುಷಾರಿಲ್ಲ ಅಂತ ಬರ್ದ್ರೆ," ಎಂದಳು ಅವಳು, "ಮುಂದಿನ ತಿಂಗಳು ಹುಷಾರಾಗಿದ್ದಾಗ ಏನು ಬರೀಲಿ?"

"ಮುಂದಿನ ತಿಂಗಳದ್ದು ಮುಂದಿನ ತಿಂಗಳು ನೋಡೋಣ."

"ಬೇಡಪ್ಪ. ಈಗ್ಲೇ ನೋಡೋಣ."

ಅವಳು ನೋಟೀಸಿನ ಕೆಳಗೆ ಒಂದೇ ಸಾಲು ಬರೆದಳು: ಆಗಸ್ಟ್ ಎರಡು ಕಾನೂನು ನನಗೆ ಕೊಟ್ಟ ದಿನ, ಹದಿನೇಳು ದಿನ ಮೊದಲೇ ಬರೆದಿಟ್ಟು ತೆಗೆದುಕೊಂಡಿದ್ದೇನೆ. ರುಜು ಹಾಕಿ, ಜೆರಾಕ್ಸಿನ ಮೊದಲ ಪುಟವನ್ನು ಅದರ ಮೇಲಿಟ್ಟಳು. ಕಾರಣ ಹೇಳಬೇಕಾಗಿಲ್ಲ ಎಂಬ ಸಾಲಿನ ಕೆಳಗೆ ಕಪ್ಪು ಮಾರ್ಕರಿನ ಗೆರೆಯಿತ್ತು.

ಮಿಸ್ಟರ್ ಲುಬಿಂಡ ಓದಿದ. ಕುರ್ಚಿಗೆ ಒರಗಿದ. "ಕಾನೂನು ಸರಿಯಾಗೇ ಇದೆ ಆಂಟಿ. ಆದ್ರೆ ಬೇರೆಯವ್ರ ಮಕ್ಕಳ ಶಾಲೆ ವಿಷಯ... ಸ್ವಲ್ಪ ಹೊಂದ್ಕೊಂಡು ಹೋಗ್ಬೋದಿತ್ತಲ್ಲ?"

"ನಾಲ್ಕನೇ ಪುಟ ತೆಗೀರಿ."

ಅವನು ತೆಗೆದ. ಮಕ್ಕಳ ಆರೋಗ್ಯ, ಶಾಲೆ, ಆರೈಕೆಗೆಂದು ವರ್ಷಕ್ಕೆ ಮೂರು ದಿನ ಸಂಬಳ ಸಹಿತ ರಜೆಯೆಂದು ಅಲ್ಲಿತ್ತು. ಹೆಂಗಸರಿಗೂ, ಗಂಡಸರಿಗೂ.

"ಇದನ್ನ ನಮ್ಮ ಲಾಂಡ್ರೀಲಿ ಯಾರಿಗಾದ್ರೂ ಹೇಳಿದೀರಾ?"

"ಕೇಳಿದವರಿಗೆ ಫಾರಂ ಕೊಡ್ತೀವಿ."

"ಇದೆ ಅಂತಲೇ ಗೊತ್ತಿಲ್ದೋರು ಹೇಗಪ್ಪ ಕೇಳ್ತಾರೆ? ಬಾನಾ ಮಪಾಲೊ ಮಕ್ಕಳ ಶಾಲೆಗೆ ಹೋಗೋಕೆ ನನ್ನ ದಿನ ಕಿತ್ಕೋಬೇಕಾಗಿಲ್ಲ. ಅವಳ ದಿನ ನಿಮ್ಮ ಬೀರುವಿನಲ್ಲಿದೆ. ನಾವಿಬ್ರೂ ಗೋಡೆ ಹತ್ರ ಜಗಳಾಡ್ಕೊಂಡಿದ್ರೆ ನಿಮ್ಗೂ ಮೇಡಂಗೂ ಆರಾಮ. ಹೊಂದ್ಕೊಂಡು ಹೋಗು ಅಂತ ನಂಗೆ ಹೇಳೋ ಬದ್ಲು ಆ ಫಾರಂ ಹೊರಗೆ ತೆಗೀರಿ. ಐದು ಕೊಡಿ. ಬಾಯ್ಲರಿನವನಿಗೂ ಸೇರಿ."

ಮಿಸ್ಟರ್ ಲುಬಿಂಡ ನಾಲ್ಕನೇ ಪುಟವನ್ನು ಮೇಜಿನ ಮೇಲಿಟ್ಟ. ಎಚ್ಚರಿಕೆ ಪತ್ರ ಕೊಟ್ಟರೆ ಈ ಹೆಂಗಸು ಈ ಆರು ಪುಟಗಳೊಂದಿಗೆ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತುತ್ತಾಳೆ ಎಂಬುದು ಅವನಿಗೆ ಅರ್ಥವಾಗಿರಬೇಕು. ಎದ್ದು ಬೀರು ತೆರೆದ. ಫಾರಂಗಳ ಮೇಲೆ ಧೂಳಿತ್ತು. ನೋಟೀಸಿನ ಮೂಲೆಯಲ್ಲಿ ಕ್ರಮ ಅಗತ್ಯವಿಲ್ಲ ಎಂದು ಬರೆದು ರುಜು ಹಾಕಿದ.

ಲಾಂಡ್ರಿಯಲ್ಲಿ ಎಲ್ಲರೂ ಒಂದೇ ಬೇಸಿನ್ನಿನಲ್ಲಿ ಶೀಮ ಹಂಚಿಕೊಂಡು ತಿನ್ನುವುದು ರೂಢಿ; ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಜೊತೆಗೆ ಕಡಲೆಕಾಯಿ ಪುಡಿ ಹಾಕಿದ ಸೊಪ್ಪು. ಆ ವಾರವೆಲ್ಲ ಲೊಂಬೆಗೆ ಯಾರೂ ಜಾಗ ಬಿಡಲಿಲ್ಲ. ಅವಳು ಡಬ್ಬಿ ತಂದು ಯಂತ್ರದ ಪಕ್ಕ ಕೂತು ತಿಂದಳು, ಕೊನೆಯ ತುತ್ತಿನವರೆಗೂ ನಿಧಾನವಾಗಿ. ಬಾಶಿ ಚಿಸೊಮೊ ಮೊದಲ ದಿನವೇ ಫಾರಂ ತುಂಬಿಸಿಕೊಂಡು ಹೋದ. ಉಳಿದ ಫಾರಂಗಳು ಮಡಚುವ ಮೇಜಿನ ಮೂಲೆಯಲ್ಲಿ, ಇಟ್ಟ ಜಾಗದಲ್ಲೇ ಇದ್ದವು.

ಎಂಟನೆಯ ದಿನ ಬಾನಾ ಮಪಾಲೊ ಒಂದನ್ನು ತೆಗೆದುಕೊಂಡು ಬಂದು ಎದುರಿಗೆ ನಿಂತಳು.

"ನಂಗೆ ಇನ್ನೂ ಕೋಪ ಇದೆ."

"ಇರ್ಲಿ."

"ಮಪಾಲೊನ ಮೇಷ್ಟ್ರು ಇನ್ನೊಂದ್ಸಲ ಬನ್ನಿ ಅಂದಿದಾರೆ. ಇದನ್ನ ಎಲ್ಲಿಂದ ತುಂಬೋದು?"

ಲೊಂಬೆ ಕೈ ಒರೆಸಿಕೊಂಡು ಫಾರಂ ತೆಗೆದುಕೊಂಡಳು. ಹೆಸರು, ವಿಭಾಗ, ಮಗುವಿನ ತರಗತಿ. ತುಂಬುತ್ತಿರುವಾಗ ಬಾನಾ ಮಪಾಲೊ ದನಿ ತಗ್ಗಿಸಿ ಕೇಳಿದಳು: "ಅವತ್ತು ಎಲ್ಲಿಗೆ ಹೋಗಿದ್ರಿ ಆಂಟಿ? ಗಂಡು ನೋಡೋಕೆ ಅಂತ ಇವ್ರೆಲ್ಲ ಆಡ್ಕೋತಿದಾರೆ."

"ಅವ್ನು ಎತ್ರ ಇದಾನಂತಾ?"

"ಎತ್ರ ಇದಾನಂತೆ. ಗಣಿಯಲ್ಲಿ ಕೆಲಸವಂತೆ."

"ಪರ್ವಾಗಿಲ್ಲ ಹಾಗಾದ್ರೆ," ಎಂದು ಲೊಂಬೆ ರುಜುವಿನ ಜಾಗ ತೋರಿಸಿದಳು. ಬಾನಾ ಮಪಾಲೊಗೆ ನಗು ತಡೆಯಲಾಗಲಿಲ್ಲ. ಆದರೂ ಆ ದಿನ ಊಟಕ್ಕೆ ಕರೆಯಲಿಲ್ಲ.

ಮಿಸೆಸ್ ಸಿಂಫುಕ್ವೆ ಅಷ್ಟರಲ್ಲಿ ಗೋಡೆಯ ಕ್ಯಾಲೆಂಡರ್ ತೆಗೆಸಿ ತನ್ನ ಮೇಜಿನ ಮೇಲೆ ಒಂದು ರಿಜಿಸ್ಟರ್ ಇಟ್ಟಿದ್ದಳು. ಇನ್ನು ಮುಂದೆ ಯಾರ ದಿನವನ್ನಾದರೂ ಬರೆಯುವವಳು ತಾನೊಬ್ಬಳೇ. ಕೈಯಾರೆ ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದಳು: ಕ್ರಮಸಂಖ್ಯೆ, ಹೆಸರು, ತಾರೀಕು, ಕಾರಣ. ಆಗಸ್ಟ್ ಇಪ್ಪತ್ತರಂದು ಲೊಂಬೆ ಆ ಮೇಜಿನ ಮುಂದೆ ಹೋಗಿ ನಿಂತಳು.

"ಸೆಪ್ಟೆಂಬರ್ ಹನ್ನೊಂದು ಮೇಡಂ. ಬುಧವಾರ."

ಮಿಸೆಸ್ ಸಿಂಫುಕ್ವೆ ಹೆಸರು ಬರೆದಳು, ತಾರೀಕು ಬರೆದಳು. ಪೆನ್ನು ಕೊನೆಯ ಕಾಲಮ್ಮಿನ ಮೇಲೆ ನಿಂತಿತು.

"ಅದನ್ನ ಖಾಲಿ ಬಿಡಿ," ಎಂದಳು ಲೊಂಬೆ.

"ಕೇಳೋ ಹಾಗೂ ಇಲ್ವೇನೇ?"

"ಕೇಳ್ಬೋದು ಮೇಡಂ. ನಾನು ಹೇಳಲ್ಲ, ಅಷ್ಟೆ."